ಒಂದು ಹೋಸ್ಟಿಗೆ ಎಷ್ಟು ಲನ್? ಇಎಸ್‌ಎಕ್ಸ್‌ಐ, ಲಿನಕ್ಸ್, ವಿಂಡೋಸ್, ಎಐಎಕ್ಸ್ ಮಿತಿಗಳ ಹೋಲಿಕೆ

"ಸರ್, ಇನ್ನೊಂದು ಆರು ಲನ್ ಬೇಕಿತ್ತು, ಎರಡೆರಡು ಟಿಬಿದು." ವರ್ಚುವಲೈಸೇಶನ್ ತಂಡದ ಹುಡುಗನ ಟಿಕೆಟ್‌ನಲ್ಲಿ ಇದ್ದದ್ದು ಇಷ್ಟೇ. ಲನ್ ಎಂದರೆ ಅರೇ, ಅಂದರೆ ಹಂಚಿಕೆಯ ಸ್ಟೋರೇಜ್ ಪೆಟ್ಟಿಗೆ, ಒಂದು ಸರ್ವರಿಗೆ (ಹೋಸ್ಟಿಗೆ) ಡಿಸ್ಕಿನಂತೆ ತೋರಿಸುವ ತುಂಡು. ಅರೇಯಲ್ಲಿ ಜಾಗವಿತ್ತು, ಹೋಸ್ಟ್ ಗ್ರೂಪ್ ಮೊದಲೇ ಇತ್ತು, ಐದು ನಿಮಿಷದ ಕೆಲಸ. ಮ್ಯಾಪ್ ಮಾಡಿದೆ. ಆತ ರೀಸ್ಕ್ಯಾನ್ ಕೊಟ್ಟ, ಆರೂ ಕಂಡವು, ವಿಎಂಗಳನ್ನು (ವರ್ಚುವಲ್ ಮಷೀನ್) ಇಡುವ ಡೇಟಾಸ್ಟೋರ್ ಆದವು, ಟಿಕೆಟ್ ಮುಚ್ಚಿತು. ಎರಡು ತಿಂಗಳಾದ ಮೇಲೆ ಒಂದು ಶನಿವಾರ ರಾತ್ರಿ ಹೋಸ್ಟ್-ಅರೇ ನಡುವಿನ ಎರಡು ಜಾಲಗಳಲ್ಲಿ (ಫ್ಯಾಬ್ರಿಕ್) ಒಂದನೆಯದರ ಸ್ವಿಚ್ಚಿಗೆ ಹೊಸ ಫರ್ಮ್‌ವೇರ್ ಹಾಕಿ ರೀಬೂಟ್ ಕೊಟ್ಟೆವು. ಆ ಆರು ಡೇಟಾಸ್ಟೋರ್ ಮೇಲಿದ್ದ ವಿಎಂಗಳು ತೆವಳತೊಡಗಿದವು. ಉಳಿದ 124 ಲನ್‌ಗಳಿಗೆ ಏನೂ ಆಗಲಿಲ್ಲ.

ಲೆಕ್ಕ ಹಾಕಿದ್ದು ಆಮೇಲೆ. ಪ್ರತಿ ಹೋಸ್ಟಿನಲ್ಲಿ ಎರಡು ಎಚ್‌ಬಿಎ (ಸ್ಟೋರೇಜ್ ಜಾಲಕ್ಕೆ ಜೋಡಿಸುವ ಕಾರ್ಡು) ಪೋರ್ಟ್, ಒಂದೊಂದಕ್ಕೂ ಅರೇಯ ನಾಲ್ಕು ಪೋರ್ಟ್ ಝೋನ್ ಆಗಿತ್ತು, ಎಂದರೆ ಸ್ವಿಚ್ಚಿನಲ್ಲಿ ಮಾತಾಡಲು ಅನುಮತಿ ಇತ್ತು. ಅಂದರೆ ಲನ್ ಒಂದಕ್ಕೆ ಎಂಟು ಪಾತ್ (ದಾರಿ). 124 ಲನ್‌ಗೆ 992. ಸರ್ವರ್ ಒಳಗಿನ ಲೋಕಲ್ ಡಿಸ್ಕು, ಡಿವಿಡಿ ಡ್ರೈವು ಸೇರಿ 994. ಓಡುತ್ತಿದ್ದದ್ದು ವಿಎಂವೇರ್‌ನ ಇಎಸ್‌ಎಕ್ಸ್‌ಐ 5.5, ಅದು ಒಂದು ಹೋಸ್ಟಿನಲ್ಲಿ ಒಪ್ಪುವುದು 1024 ಪಾತ್. ಮಿಕ್ಕದ್ದು 30. ಹೊಸ ಆರು ಲನ್‌ಗೆ ಬೇಕಿದ್ದದ್ದು 48. ರೀಸ್ಕ್ಯಾನ್ ಮೊದಲ ಎಚ್‌ಬಿಎಯ ನಾಲ್ಕು ಟಾರ್ಗೆಟ್ (ಅರೇಯ ಪೋರ್ಟ್) ಮುಗಿಸಿ, ಎರಡನೆಯದರ ಮೊದಲ ಟಾರ್ಗೆಟ್ ಮುಗಿಸುವಷ್ಟರಲ್ಲಿ ಆ 30 ಖರ್ಚಾಗಿಹೋಗಿತ್ತು. ಆರೂ ಲನ್ ಐದೈದು ಪಾತ್ ಇಟ್ಟುಕೊಂಡು ಕೂತಿದ್ದವು: ಒಂದನೇ ಫ್ಯಾಬ್ರಿಕ್ ಕಡೆ ನಾಲ್ಕು, ಎರಡನೆಯದರ ಕಡೆ ಒಂದೇ ಒಂದು. ಅದೂ ಎ ಕಂಟ್ರೋಲರಿನದು. ನಾನು ಆರನ್ನೂ ಬಿ ಕಂಟ್ರೋಲರಿಗೆ ಒಪ್ಪಿಸಿದ್ದೆ, ಹಾಗಾಗಿ ಒಂದನೇ ಫ್ಯಾಬ್ರಿಕ್ ಹೋದಾಗ ಎಲ್ಲವೂ ಎ ಮೂಲಕ ಸುತ್ತಿ ಬರಬೇಕಾಯಿತು. ಪರದೆಯ ಮೇಲೆ ಎರಡು ತಿಂಗಳು ಎಲ್ಲವೂ ಹಸಿರಾಗಿಯೇ ಇತ್ತು. ಮಿತಿ ಮುಟ್ಟಿತು ಎಂಬ ಸಾಲು ವಿಎಂಕರ್ನಲ್ ಲಾಗಿನಲ್ಲಿ ಬಿದ್ದಿತ್ತು, ನೋಡಿದವರು ಯಾರೂ ಇಲ್ಲ.

ಅವತ್ತಿನಿಂದ ಯಾರಾದರೂ ಲನ್ ಕೇಳಿದರೆ ನಾನು ಮೊದಲು ಕೇಳುವುದು "ಎಷ್ಟು ಪಾತ್?" ಎಂದು. ಈ ಬರಹವೂ ಅದೇ ಕ್ರಮದಲ್ಲಿದೆ. ಯಾವ ಆಪರೇಟಿಂಗ್ ಸಿಸ್ಟಮ್ ಎಲ್ಲಿ ಕೈ ಎತ್ತುತ್ತದೆ, ಹಾಗೆ ಎತ್ತುವ ಮುಂಚೆ ನಮ್ಮ ಕೈಯಲ್ಲಿರುವ ಆಯ್ಕೆಗಳೇನು ಎಂದು ನೋಡೋಣ.

ನಂಬರ್ ಬೇರೆ, ಎಣಿಕೆ ಬೇರೆ, ಪಾತ್ ಬೇರೆ

"ಮಿತಿ 256" ಎಂದು ಯಾವುದೋ ಕೈಪಿಡಿಯಲ್ಲಿ ಓದಿದರೆ, ಅದು ಯಾವುದರ ಮಿತಿ ಎಂದು ಮೊದಲು ನೋಡಬೇಕು. ಲನ್‌ಗೆ ಕೊಡುವ ನಂಬರ್ ಎಲ್ಲಿಯವರೆಗೆ ಹೋಗಬಹುದು ಎನ್ನುವುದು ಒಂದು. ಒಟ್ಟು ಎಷ್ಟು ಲನ್ ಕಾಣಬಹುದು ಎನ್ನುವುದು ಇನ್ನೊಂದು. ಎಷ್ಟು ಪಾತ್ ಎನ್ನುವುದು ಮೂರನೆಯದು. ಇಪ್ಪತ್ತೇ ಲನ್ ಇರುವ ಹೋಸ್ಟಿಗೂ ಇಪ್ಪತ್ತೊಂದನೆಯದು ಕಾಣದೆ ಹೋಗಬಹುದು, ಅದಕ್ಕೆ ಕೊಟ್ಟ ನಂಬರ್ 300 ಆಗಿದ್ದರೆ.

ನಂಬರಿನ ಕತೆ ಸ್ಕಸಿ (ಡಿಸ್ಕಿನ ಜೊತೆ ಮಾತಾಡುವ ಭಾಷೆ) ಹೊಸದಾಗಿದ್ದ ಕಾಲದ್ದು. ಸ್ಕಸಿ-2ರಲ್ಲಿ ಲನ್‌ಗೆ ಮೀಸಲಿದ್ದದ್ದು ಮೂರೇ ಬಿಟ್, ಹಾಗಾಗಿ ಒಂದು ಟಾರ್ಗೆಟ್‌ಗೆ ಎಂಟೇ ಲನ್. ಈಗ ಲನ್ ವಿಳಾಸದ ಉದ್ದ ಎಂಟು ಬೈಟ್. ಆದರೂ ಅದನ್ನು ಬರೆಯುವ ರೀತಿ ಮುಖ್ಯವಾಗಿ ಎರಡು. ಪೆರಿಫೆರಲ್ ಅಡ್ರೆಸಿಂಗ್‌ನಲ್ಲಿ ಎಂಟು ಬಿಟ್, ಅಂದರೆ 0ಯಿಂದ 255. ಫ್ಲಾಟ್ ಸ್ಪೇಸ್ ಅಡ್ರೆಸಿಂಗ್‌ನಲ್ಲಿ 14 ಬಿಟ್, 0ಯಿಂದ 16383. ಬಹುತೇಕ ಅರೇಗಳು 255 ದಾಟಿದೊಡನೆ ತಾವಾಗಿ ಎರಡನೇ ರೀತಿಗೆ ಹೊರಳುತ್ತವೆ. ಹೋಸ್ಟಿಗೆ ಆ ಭಾಷೆ ಬಾರದಿದ್ದರೆ ಆ ಲನ್ ಇದ್ದೂ ಇಲ್ಲದಂತೆ. 256 ಎಂಬ ಅಂಕಿ ಎಲ್ಲ ಕಡೆ ಎಡತಾಕುವುದು ಇದೇ ಕಾರಣಕ್ಕೆ.

ಲನ್ 0ಗೆ ವಿಶೇಷ ಸ್ಥಾನ. ಹೋಸ್ಟ್ "ನನಗಾಗಿ ಏನೇನು ಇಟ್ಟಿದ್ದೀಯಾ?" ಎಂದು ಕೇಳುವ ರಿಪೋರ್ಟ್ ಲನ್ಸ್ ಆಜ್ಞೆ ಸಾಮಾನ್ಯವಾಗಿ ಹೋಗುವುದು ಅಲ್ಲಿಗೆ. 0ಗೆ ಡಿಸ್ಕ್ ಮ್ಯಾಪ್ ಆಗಿರದಿದ್ದರೂ ಇಂದಿನ ಅರೇಗಳು ಅದೇ ವಿಳಾಸದಿಂದ ಉತ್ತರ ಕೊಡುತ್ತವೆ. ಒಂದೊಂದೇ ನಂಬರ್ ತಟ್ಟಿ ನೋಡುವ ಹಳೆಯ ಡ್ರೈವರ್‌ಗಳು ಮಾತ್ರ ಮಧ್ಯೆ ಖಾಲಿ ಸಿಕ್ಕಿದ ಕೂಡಲೇ ಅಲ್ಲಿಗೇ ನಿಲ್ಲುತ್ತವೆ. ನಾನು 0ಯನ್ನು ಸ್ಯಾನ್‌ನಿಂದಲೇ (ಸ್ಟೋರೇಜ್ ಜಾಲ) ಬೂಟ್ ಆಗುವ ಡಿಸ್ಕಿಗೆ ಮಾತ್ರ ಇಡುತ್ತೇನೆ, ಡೇಟಾ 1ರಿಂದ ಶುರು.

ಇನ್ನೊಂದು ಸಣ್ಣ ಸಂಗತಿ, ಮೊದಲ ಸಲ ಕಂಡವರನ್ನು ಗಾಬರಿಪಡಿಸುವಂಥದ್ದು. ಐಬಿಎಂ ಡಿಎಸ್4000 ಮತ್ತು ಅದೇ ವಂಶದ ಅರೇಗಳು ಹೋಸ್ಟಿನಿಂದಲೇ ತಮ್ಮನ್ನು ನಿರ್ವಹಿಸಲೆಂದು ಒಂದು ಆಕ್ಸೆಸ್ ಲನ್ ತೋರಿಸುತ್ತವೆ, ಬಹಳ ಸಲ ನಂಬರ್ 31ರಲ್ಲಿ ಅಥವಾ 7ರಲ್ಲಿ. ಲಿನಕ್ಸಿನಲ್ಲಿ ಅದರ ಹೆಸರು 'ಯೂನಿವರ್ಸಲ್ ಎಕ್ಸ್‌ಪೋರ್ಟ್' ಎಂದು ಬರುತ್ತದೆ. ಅದು ಡಿಸ್ಕಲ್ಲ, ಕೆಟ್ಟ ಲನ್ ಕೂಡ ಅಲ್ಲ. ಆದರೆ ಒಂದು ನಂಬರನ್ನೂ ಪಾತ್‌ಗಳನ್ನೂ ಅದು ತಿನ್ನುವುದು ನಿಜ. ಬೇಡವಾದರೆ ಮ್ಯಾಪಿಂಗ್ ತೆಗೆದುಬಿಡಿ.

ಇಎಸ್‌ಎಕ್ಸ್‌ಐ: ಪಾತ್ ಮೊದಲು ತೀರುತ್ತದೆ

ಇಲ್ಲಿಯ ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಜಿಗಿದಿವೆ. 5.x ಮತ್ತು 6.0ರಲ್ಲಿ ಹೋಸ್ಟ್ ಒಂದಕ್ಕೆ 256 ಲನ್, 1024 ಪಾತ್. 2016ರ 6.5ರಲ್ಲಿ 512 ಲನ್, 2048 ಪಾತ್. 2018ರ 6.7ರಲ್ಲಿ 1024 ಲನ್, 4096 ಪಾತ್. ಆಮೇಲಿನ 7 ಮತ್ತು 8ರಲ್ಲೂ ಇದೇ.

ಈ ಜೋಡಿಗಳನ್ನು ಭಾಗಿಸಿ ನೋಡಿ. ಮೂರರಲ್ಲೂ ಉತ್ತರ ನಾಲ್ಕೇ. ಲನ್‌ಗೆ ನಾಲ್ಕು ಪಾತ್ ಇಟ್ಟುಕೊಂಡವರಿಗೆ ಎರಡು ಮಿತಿಗಳೂ ಒಟ್ಟಿಗೆ ಮುಗಿಯುತ್ತವೆ. ಎಂಟು ಇಟ್ಟುಕೊಂಡರೆ ಹೇಳಿದ್ದರ ಅರ್ಧ ಮಾತ್ರ ಸಿಗುತ್ತದೆ: 5.5ರಲ್ಲಿ 128 ಲನ್, 6.5ರಲ್ಲಿ 256, 6.7ರ ನಂತರ 512. ಹದಿನಾರು ಪಾತ್ ಮಾಡಿಟ್ಟವರನ್ನೂ ನೋಡಿದ್ದೇನೆ. ಅರೇಯಲ್ಲಿ ಎಂಟು ಪೋರ್ಟ್ ಇದ್ದವು, ಎಲ್ಲವನ್ನೂ ಎರಡೂ ಎಚ್‌ಬಿಎಗೆ ಝೋನ್ ಮಾಡಿದ್ದರು, "ಇರಲಿ ಬಿಡಿ, ಹೆಚ್ಚಿದ್ದರೆ ಒಳ್ಳೆಯದಲ್ಲವೇ" ಎಂದರು. ಹೆಚ್ಚಿದ್ದರೆ ಫೇಲ್‌ಓವರ್ ನಿಧಾನವಾಗುತ್ತದೆ, ರೀಸ್ಕ್ಯಾನ್ ಉದ್ದವಾಗುತ್ತದೆ, ಬೂಟ್ ಆಗುವಾಗ ಕಾಫಿ ಕುಡಿದು ಬರುವಷ್ಟು ಹೊತ್ತು ಸಿಗುತ್ತದೆ.

ನಂಬರಿನ ಮಿತಿ ಇದರಿಂದ ಬೇರೆ. 5.xನಲ್ಲಿ 0ಯಿಂದ 255, 6.0ರಲ್ಲಿ 1023ರವರೆಗೆ, 6.5ರಿಂದ 16383ರವರೆಗೆ. ಇದರ ಮೇಲೆ ಡಿಸ್ಕ್.ಮ್ಯಾಕ್ಸ್‌ಲನ್ ಎಂಬ ಸೆಟ್ಟಿಂಗ್ ಒಂದಿದೆ. ಸ್ಕ್ಯಾನ್ ಯಾವ ನಂಬರಿನವರೆಗೆ ಹೋಗಬೇಕು ಎಂದು ಹೇಳುವುದು ಅದು. ಹಿಂದೆ ಯಾರೋ ಬೂಟ್ ವೇಗವಾಗಲಿ ಎಂದು ಅದನ್ನು 50ಕ್ಕೆ ಇಳಿಸಿ ಕೆಲಸ ಬಿಟ್ಟು ಹೋಗಿರುತ್ತಾರೆ. ನಾವು 60ನೇ ನಂಬರ್ ಮ್ಯಾಪ್ ಮಾಡಿ ಅರ್ಧ ದಿನ ಝೋನಿಂಗ್ ತಡಕಾಡುತ್ತಿರುತ್ತೇವೆ. ಒಂದು ಹೋಸ್ಟಿಗೆ ಮಾತ್ರ ಲನ್ ಕಾಣುತ್ತಿಲ್ಲ, ಪಕ್ಕದ ಹೋಸ್ಟಿಗೆ ಕಾಣುತ್ತಿದೆ ಎಂದಾದರೆ ನಾನು ಮೊದಲು ಹೋಗುವುದು ಈ ಸೆಟ್ಟಿಂಗಿಗೆ.

ಗಾತ್ರದ ಚಿಂತೆ ಈಗ ಅಷ್ಟಿಲ್ಲ. ಡೇಟಾಸ್ಟೋರಿನ ಫೈಲ್‌ಸಿಸ್ಟಮ್ ವಿಎಂಎಫ್‌ಎಸ್-3 ಆಗಿದ್ದ ಕಾಲದಲ್ಲಿ ಲನ್ 2 ಟಿಬಿಗಿಂತ ಕೂದಲೆಳೆ ಕಮ್ಮಿ ಇರಬೇಕಿತ್ತು. ಹಳೆಯ ಕ್ಲಸ್ಟರ್‌ಗಳಲ್ಲಿ 1.99 ಟಿಬಿಯ ನೂರಾರು ಲನ್ ಸಾಲಾಗಿ ನಿಂತಿರುವುದು ಅದರ ಉಳಿಕೆ. ವಿಎಂಎಫ್‌ಎಸ್-5 ಬಂದ ಮೇಲೆ ಡೇಟಾಸ್ಟೋರ್ 64 ಟಿಬಿವರೆಗೆ, 5.5ರಿಂದ ಒಂದು ವರ್ಚುವಲ್ ಡಿಸ್ಕ್ 62 ಟಿಬಿವರೆಗೆ.

ಸ್ಕಸಿ ಬಿಟ್ಟು ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್‌ಗೆ ಹೊರಟವರು ಒಂದು ಕ್ಷಣ ನಿಲ್ಲಿ. ಹೊಸದರಲ್ಲಿ ಮಿತಿ ದೊಡ್ಡದಿರುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ವಿಸ್ಫಿಯರ್ 7ರಲ್ಲಿ (ಇಎಸ್‌ಎಕ್ಸ್‌ಐ 7 ಇರುವ ಕಂತೆ) ಒಂದು ಹೋಸ್ಟಿಗೆ 32 ನೇಮ್‌ಸ್ಪೇಸ್ (ಎನ್‌ವಿಎಂಇಯ ಲನ್) ಮಾತ್ರ, 8ರಲ್ಲಿ ಅದು 256. ಫೈಬರ್ ಚಾನೆಲ್ ಸ್ಕಸಿಯಲ್ಲಿ 400 ಲನ್ ಇಟ್ಟುಕೊಂಡವರು ಅದನ್ನು ಹಾಗೆಯೇ ಎತ್ತಿಕೊಂಡು ಹೋಗಲಾಗದು, ಮೊದಲು ಒಟ್ಟುಗೂಡಿಸಬೇಕು.

ಲಿನಕ್ಸ್: ಓಎಸ್‌ಗಿಂತ ಕಾರ್ಡಿನ ಡ್ರೈವರ್ ನೋಡಿ

ಲಿನಕ್ಸಿನ ಮಿತಿ ಎಷ್ಟು ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ಹಳೆಯ ಕರ್ನಲ್‌ಗಳು ರಿಪೋರ್ಟ್ ಲನ್ಸ್‌ಗೆ ಬಂದ ಉತ್ತರದಲ್ಲಿ ಟಾರ್ಗೆಟ್ ಒಂದಕ್ಕೆ 511 ಲನ್‌ವರೆಗೆ ಮಾತ್ರ ಓದುತ್ತಿದ್ದವು, ಅದನ್ನು ಮಾಡ್ಯೂಲ್ ಪ್ಯಾರಾಮೀಟರ್‌ನಿಂದ ಏರಿಸಬೇಕಿತ್ತು. 2014ರ 3.17 ಕರ್ನಲ್‌ನಲ್ಲಿ 64 ಬಿಟ್ ಲನ್ ಬಂದು ಆ ಹಳೆಯ ಗಂಟು ಸಡಿಲವಾಯಿತು. ಆದರೆ ಕರ್ನಲ್ ಒಪ್ಪಿದರೂ ಎಚ್‌ಬಿಎ ಡ್ರೈವರ್ ಒಪ್ಪಬೇಕಲ್ಲ?

ಎರಡು ಸರ್ವರ್ ಇವೆ ಎಂದುಕೊಳ್ಳಿ. ಎರಡರಲ್ಲೂ ಅದೇ ವಿತರಣೆ, ಅದೇ ಆವೃತ್ತಿ. ಒಂದರಲ್ಲಿ ಕ್ಯುಲಾಜಿಕ್ ಕಾರ್ಡು, ಇನ್ನೊಂದರಲ್ಲಿ ಎಮ್ಯುಲೆಕ್ಸ್. ಲನ್ ನಂಬರ್ 256 ಎರಡಕ್ಕೂ ಮ್ಯಾಪ್ ಆಗಿದೆ. ಕ್ಯುಲಾಜಿಕ್‌ನ ಡ್ರೈವರ್ ಸುಮ್ಮನೆ ಬಿಟ್ಟರೆ 65535ರವರೆಗೆ ಒಪ್ಪುತ್ತದೆ, ಲನ್ ಕಾಣುತ್ತದೆ. ಎಮ್ಯುಲೆಕ್ಸ್‌ನ ಎಲ್‌ಪಿಎಫ್‌ಸಿ ಡ್ರೈವರ್‌ನ ಡಿಫಾಲ್ಟ್ 255. ಅದಕ್ಕಿಂತ ದೊಡ್ಡ ನಂಬರಿನ ಲನ್ ಬಂದರೆ ಅಡಾಪ್ಟರ್ ಒಪ್ಪುವುದಕ್ಕಿಂತ ದೊಡ್ಡದು ಎಂದು ಲಾಗಿನಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತದೆ.

ಆ ಸಾಲು ಓದುವಾಗಲೂ ಎಚ್ಚರ ಬೇಕು. ಅದರಲ್ಲಿ ನಿಮಗೆ 256 ಕಾಣುವುದಿಲ್ಲ, 16640 ಕಾಣುತ್ತದೆ. ಅರೇಯಲ್ಲಿ ಅಂಥ ನಂಬರೇ ಇಲ್ಲ ಎಂದು ಹುಬ್ಬೇರಿಸಬೇಡಿ. ಫ್ಲಾಟ್ ಅಡ್ರೆಸಿಂಗ್‌ನ ಗುರುತಿನ ಬಿಟ್ ಅನ್ನೂ ಲಿನಕ್ಸ್ ಅಂಕಿಯೊಳಗೇ ಸೇರಿಸಿ ಓದುತ್ತದೆ. 16384 ಕಳೆಯಿರಿ, 256 ಉಳಿಯುತ್ತದೆ. ಅದೇ ಲನ್ ಇಎಸ್‌ಎಕ್ಸ್‌ಐಯಲ್ಲಿ 256 ಎಂದೇ ಕಾಣುತ್ತದೆ. ಹೀಗಾಗಿ ಡ್ರೈವರ್‌ನ ಮಿತಿಯನ್ನು 255ರಿಂದ 512ಕ್ಕೆ ಏರಿಸಿದವರಿಗೆ ಏನೂ ಪ್ರಯೋಜನವಾಗದು. 16640ಕ್ಕೆ ಸಾಲುವಷ್ಟು ಏರಿಸಬೇಕು, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಇಮೇಜ್) ಮತ್ತೆ ಕಟ್ಟಬೇಕು, ರೀಬೂಟ್ ಕೊಡಬೇಕು. ಇಷ್ಟೆಲ್ಲ ಯಾಕೆ, 255ರೊಳಗಿನ ಖಾಲಿ ನಂಬರ್ ಹುಡುಕಿ ಕೊಟ್ಟರೆ ಆಯಿತು.

ಲಿನಕ್ಸಿನಲ್ಲಿ ಪಾತ್ ಎಂದರೆ ಬರೀ ದಾರಿಯಲ್ಲ, ಒಂದೊಂದು ಪಾತ್ ಒಂದೊಂದು ಎಸ್‌ಡಿ ಸಾಧನವಾಗಿ ಎದ್ದು ನಿಲ್ಲುತ್ತದೆ. ನೂರು ಲನ್, ಎಂಟು ಪಾತ್ ಎಂದರೆ 800 ಸಾಧನ. ಎಸ್‌ಡಿಎಯಿಂದ ಎಸ್‌ಡಿಝಡ್ ತನಕ 26, ಎರಡಕ್ಷರದ್ದು ಸೇರಿ 702, ಆಮೇಲೆ ಮೂರಕ್ಷರ ಶುರು. ಎಂಟುನೂರನೆಯದರ ಹೆಸರು ಎಸ್‌ಡಿ-ಎ-ಡಿ-ಟಿ. ಹೆಸರುಗಳಿಗೆ ಬರವಿಲ್ಲ. ತೊಂದರೆ ಬರುವುದು ಅವುಗಳ ಮೇಲೆ ಓಡಾಡುವ ಪ್ರೋಗ್ರಾಮುಗಳಿಗೆ. ಹಳೆಯ ವಿತರಣೆಗಳಲ್ಲಿ ಮಲ್ಟಿಪಾತ್ ಡೀಮನ್ ತೆರೆದಿಡಬಹುದಾದ ಫೈಲುಗಳ ಮಿತಿ 1024 ಇರುತ್ತಿತ್ತು, ಕಾನ್ಫಿಗ್‌ನಲ್ಲಿ ಮ್ಯಾಕ್ಸ್ ಎಫ್‌ಡಿಎಸ್ ಏರಿಸದಿದ್ದರೆ ಸಾವಿರದ ಆಸುಪಾಸಿನಲ್ಲಿ ಪಾತ್‌ಗಳು ನಾಪತ್ತೆ. ಎಲ್‌ವಿಎಂ ಅಂತೂ ಫಿಲ್ಟರ್ ಹಾಕದಿದ್ದರೆ ಎಂಟುನೂರನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಒಂದೇ ಪಿವಿ (ಎಲ್‌ವಿಎಂನ ಡಿಸ್ಕ್) ಎಂಟು ಸಲ ಸಿಕ್ಕಿತು ಎಂದು ದೂರುತ್ತದೆ.

ಗಾತ್ರದಲ್ಲಿ ಫೈಲ್‌ಸಿಸ್ಟಮ್‌ನ ಸಿದ್ಧಾಂತದ ಮಿತಿಗಿಂತ ವಿತರಕರು ಬೆಂಬಲಿಸುವ ಮಿತಿ ಮುಖ್ಯ. ರೆಡ್ ಹ್ಯಾಟ್ 7ರಲ್ಲಿ ಎಕ್ಸ್ಟ್4ಗೆ 50 ಟಿಬಿ, ಎಕ್ಸ್‌ಎಫ್‌ಎಸ್‌ಗೆ 500 ಟಿಬಿ. ದೊಡ್ಡ ಲನ್ ಎಂದು ಗೊತ್ತಿದ್ದರೆ ಎಕ್ಸ್‌ಎಫ್‌ಎಸ್ ಹಾಕಿ. ಒಂದೇ ಷರತ್ತು: ಅದನ್ನು ಮುಂದೆ ಕುಗ್ಗಿಸಲು ಬರುವುದಿಲ್ಲ.

ವಿಂಡೋಸ್: 255, ಅದೂ 0ಯಿಂದ 254

ವಿಂಡೋಸ್ ಒಂದು ಟಾರ್ಗೆಟ್‌ಗೆ 255 ಲನ್ ಒಪ್ಪುತ್ತದೆ, ನಂಬರ್ 0ಯಿಂದ 254. ಬೇರೆ ಓಎಸ್‌ಗಳಿಗೆ 255 ನಡೆಯುತ್ತದೆ ಎಂದು ವಿಂಡೋಸಿಗೂ ಅದನ್ನೇ ಕೊಟ್ಟರೆ ಕಾಣದು. ಈ ಒಂದು ನಂಬರಿನ ವ್ಯತ್ಯಾಸ ಬೇರೆ ಬೇರೆ ಓಎಸ್‌ಗಳಿಗೆ ಒಂದೇ ಪಟ್ಟಿಯಿಂದ ನಂಬರ್ ಕೊಡುವವರನ್ನು ಹಿಡಿಯುತ್ತದೆ. ಮಿತಿ ಇರುವುದು ಟಾರ್ಗೆಟ್ ಲೆಕ್ಕದಲ್ಲಿ, ಹಾಗಾಗಿ ಅರೇಯ ಬೇರೆ ಪೋರ್ಟುಗಳಿಂದ ಇನ್ನೊಂದು ಗುಂಪು ತೋರಿಸಿ ಅದನ್ನು ದಾಟಬಹುದು. ಅಷ್ಟು ಲನ್ ಬೇಕಾದ ವಿಂಡೋಸ್ ಸರ್ವರನ್ನು ನಾನಂತೂ ಕಂಡಿಲ್ಲ.

ಜನ ನಿಜವಾಗಿ ಎಡವುವುದು ಬೇರೆ ಕಡೆ. ಡ್ರೈವ್ ಲೆಟರ್ 26 ಮಾತ್ರ; ಅದನ್ನು ಮೀರಿದವರು ಫೋಲ್ಡರ್ ಮೇಲೆ ಮೌಂಟ್ ಮಾಡಬೇಕು. ಪಾರ್ಟಿಷನ್ ಪಟ್ಟಿ ಎಂಬಿಆರ್ ಇದ್ದರೆ 2 ಟಿಬಿ ದಾಟಲಾಗದು, ಜಿಪಿಟಿ ಮಾಡಿಕೊಳ್ಳಿ. ಇವೆರಡೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಹೊಡೆಯುವುದು ಫೈಲ್‌ಸಿಸ್ಟಮ್‌ನ ಕ್ಲಸ್ಟರ್ (ಜಾಗ ಹಂಚುವ ತುಣುಕು) ಗಾತ್ರ. ಎನ್‌ಟಿಎಫ್‌ಎಸ್ ಅನ್ನು 4 ಕೆಬಿ ಕ್ಲಸ್ಟರ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ವಾಲ್ಯೂಮ್ 16 ಟಿಬಿಗೆ ನಿಲ್ಲುತ್ತದೆ. ಫೈಲ್ ಸರ್ವರ್‌ಗೆ 10 ಟಿಬಿ ಕೊಟ್ಟಿರುತ್ತೀರಿ, ಮೂರು ವರ್ಷದಲ್ಲಿ 15 ಆಗುತ್ತದೆ. ಅರೇಯಲ್ಲಿ ಲನ್ ಅನ್ನು 20ಕ್ಕೆ ಏರಿಸಿ ವಿಂಡೋಸಿನಲ್ಲಿ ಎಕ್ಸ್‌ಟೆಂಡ್ ಒತ್ತಿದರೆ ಆಗುವುದಿಲ್ಲ ಎನ್ನುತ್ತದೆ. ಮೊದಲ ದಿನವೇ 64 ಕೆಬಿ ಆರಿಸಿದ್ದರೆ 256 ಟಿಬಿವರೆಗೆ ಹೋಗಬಹುದಿತ್ತು. ಈಗ ಹೊಸ ಲನ್ ಮಾಡಿ 15 ಟಿಬಿ ನಕಲು ಮಾಡದೆ ವಿಧಿಯಿಲ್ಲ. ಸರ್ವರ್ 2019ರಿಂದ 2 ಎಂಬಿವರೆಗಿನ ಕ್ಲಸ್ಟರ್ ಸಿಗುತ್ತದೆ, ಮಿತಿ 8 ಪಿಬಿ. ಆದರೆ ವಾಲ್ಯೂಮ್ ಶ್ಯಾಡೋ ಕಾಪಿ ಬಳಸುವ ಬ್ಯಾಕಪ್ ಇದ್ದರೆ 64 ಟಿಬಿ ದಾಟಬೇಡಿ, ಅದರ ಬೆಂಬಲ ಅಲ್ಲಿಗೇ ಮುಗಿಯುತ್ತದೆ.

ಪಾತ್ ಲೆಕ್ಕ ಇಲ್ಲಿ ಲನ್ ಒಂದಕ್ಕೆ 32. ಅದನ್ನು ಮುಟ್ಟಲು ಹಟ ಹಿಡಿದು ಕೂರಬೇಕು.

ಸರ್ವರ್ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಹೊಸ ಹಂಚಿಕೆಯ ಲನ್ ಆಫ್‌ಲೈನ್ ಸ್ಥಿತಿಯಲ್ಲೇ ಬರುತ್ತದೆ. ಅದು ದೋಷವಲ್ಲ, ಸ್ಯಾನ್ ಪಾಲಿಸಿ ಎಂಬ ಸೆಟ್ಟಿಂಗ್. ಬೇರೆ ಸರ್ವರಿನ ಡಿಸ್ಕನ್ನು ತಪ್ಪಿ ಮ್ಯಾಪ್ ಮಾಡಿದರೆ ವಿಂಡೋಸ್ ಅದರ ಮೇಲೆ ಬರೆಯದಿರಲಿ ಎಂದು ಇಟ್ಟದ್ದು. ದಯವಿಟ್ಟು ಅದನ್ನು 'ಎಲ್ಲವೂ ಆನ್‌ಲೈನ್' ಎಂದು ಬದಲಿಸಿಡಬೇಡಿ.

ಎಐಎಕ್ಸ್: ಮಿತಿ ಕ್ಯೂ ಡೆಪ್ತ್ ಮೇಲೆ ನಿಂತಿದೆ

ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಎರಡು ಸಂಗತಿ ಗೊತ್ತಿದ್ದರೆ ಸಾಕು. ಮೊದಲನೆಯದು ವಾಲ್ಯೂಮ್ ಗ್ರೂಪ್ ಬಗೆ. ಮೂಲ ಬಗೆಯದಕ್ಕೆ 32 ಡಿಸ್ಕ್, ಬಿಗ್‌ಗೆ 128, ಸ್ಕೇಲಬಲ್‌ಗೆ 1024. ಹತ್ತು ವರ್ಷದ ಹಿಂದೆ ಯಾರೋ ಮಾಡಿಟ್ಟ ಮೂಲ ಬಗೆಯ ಗ್ರೂಪಿಗೆ 33ನೇ ಎಚ್‌ಡಿಸ್ಕ್ ಸೇರಿಸಲು ಹೋದಾಗ ಇದು ನೆನಪಾಗುತ್ತದೆ. ಹೊಸದಾಗಿ ಮಾಡುವಾಗ ಸ್ಕೇಲಬಲ್ ಮಾಡಿ, ಬೇರೆ ಯೋಚನೆ ಬೇಡ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು. ವಿಐಒ ಸರ್ವರ್ (ಕಾರ್ಡು, ಡಿಸ್ಕ್ ಹಂಚಿಕೊಡುವ ಪಾಲು) ಮೂಲಕ ವರ್ಚುವಲ್ ಸ್ಕಸಿಯಲ್ಲಿ ಡಿಸ್ಕ್ ಕೊಡುತ್ತಿದ್ದರೆ ಒಂದು ಅಡಾಪ್ಟರಿಗೆ 512 ಕಮಾಂಡ್ ಜಾಗಗಳು. ಅದರಲ್ಲಿ 2 ಅಡಾಪ್ಟರಿಗೇ ಬೇಕು. ಪ್ರತಿ ಡಿಸ್ಕಿಗೆ ಅದರ ಕ್ಯೂ ಡೆಪ್ತ್ (ಒಮ್ಮೆಗೆ ಕಳಿಸಬಹುದಾದ ಕಮಾಂಡುಗಳು), ಜೊತೆಗೆ ಇನ್ನು 3. ಹೀಗಾಗಿ 510ನ್ನು ಕ್ಯೂ ಡೆಪ್ತ್ ಕೂಡಿಸು 3ರಿಂದ ಭಾಗಿಸಿದರೆ ಎಷ್ಟು ಡಿಸ್ಕ್ ಹಿಡಿಸುತ್ತದೆ ಎಂದು ಸಿಗುತ್ತದೆ. ಕ್ಯೂ ಡೆಪ್ತ್ 3 ಇದ್ದರೆ 85 ಡಿಸ್ಕ್. 20 ಮಾಡಿದರೆ 22. 32 ಮಾಡಿದರೆ 14. ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಬಂದು "ಡಿಸ್ಕ್ ನಿಧಾನ, ಕ್ಯೂ ಏರಿಸಿ" ಎಂದಾಗ ನೀವು ಏರಿಸುತ್ತೀರಿ. ಮುಂದಿನ ಸಲ ಲನ್ ಸೇರಿಸಲು ಹೋದಾಗ ಜಾಗವಿಲ್ಲ. ಒಂದೇ ಕಾರ್ಡಿನಲ್ಲಿ ಹಲವು ವರ್ಚುವಲ್ ಪೋರ್ಟ್ ಕೊಡುವ ಎನ್‌ಪಿಐವಿಯಲ್ಲಿ ಈ ಲೆಕ್ಕವಿಲ್ಲ, ಪ್ರತಿ ಎಲ್‌ಪಾರ್‌ಗೂ (ಸರ್ವರಿನ ಒಂದು ಪಾಲು) ತನ್ನದೇ ಡಬ್ಲ್ಯುಡಬ್ಲ್ಯುಪಿಎನ್ (ಪೋರ್ಟ್ ವಿಳಾಸ), ಅರೇಯಿಂದ ನೇರ ಮ್ಯಾಪಿಂಗ್. ಝೋನ್‌ಗಳು ಹೆಚ್ಚುತ್ತವೆ, ಸ್ಯಾನ್ ತಂಡ ಗೊಣಗುತ್ತದೆ. ಡಿಸ್ಕ್ ಹದಿನೈದಿಪ್ಪತ್ತು ದಾಟುವ ಡೇಟಾಬೇಸ್ ಎಲ್‌ಪಾರ್ ಆದರೆ ನಾನು ಎನ್‌ಪಿಐವಿಯನ್ನೇ ಆರಿಸುತ್ತೇನೆ.

ಎಚ್‌ಪಿ-ಯುಎಕ್ಸ್ ಇನ್ನೂ ಎಲ್ಲೋ ಮೂಲೆಯಲ್ಲಿ ಓಡುತ್ತಿದ್ದರೆ ಒಂದೇ ಮಾತು. ಹಳೆಯ ಸಿ-ಟಿ-ಡಿ (ಕಂಟ್ರೋಲರ್-ಟಾರ್ಗೆಟ್-ಡಿಸ್ಕ್) ಹೆಸರಿನ ಪದ್ಧತಿಯಲ್ಲಿ ಡಿ ಹೋಗುವುದು 0ಯಿಂದ 7, ಟಿ 0ಯಿಂದ 15. 11ಐ ವಿ3ರ ಹೊಸ ಡಿಸ್ಕ್ ಹೆಸರುಗಳಲ್ಲಿ ಆ ಕಟ್ಟು ಇಲ್ಲ, ಮಲ್ಟಿಪಾತ್ ಕೂಡ ಒಳಗೇ ಇದೆ. ಅರೇಯಲ್ಲಿ ಅದರ ಹೋಸ್ಟ್ ಟೈಪ್ ಸರಿಯಾಗಿ ಆರಿಸಿ, ಅದಕ್ಕೆ ಬೇಕಾದ ವಾಲ್ಯೂಮ್ ಸೆಟ್ ಅಡ್ರೆಸಿಂಗ್ ಅನ್ನು ಮಾತ್ರ ಲಿನಕ್ಸ್ ಹೋಸ್ಟುಗಳು ಬಳಸುವ ಪೋರ್ಟಿಗೆ ತಗುಲಿಸಬೇಡಿ.

ಮಿತಿ ಹತ್ತಿರ ಬಂದಾಗ: ಪಾತ್ ಕಡಿಮೆ ಮಾಡುವುದೋ, ಲನ್ ಕಡಿಮೆ ಮಾಡುವುದೋ?

ಪಾತ್ ಕಡಿಮೆ ಮಾಡುವುದು ಅಗ್ಗ. ಎಂಟನ್ನು ನಾಲ್ಕು ಮಾಡಿದರೆ ಡೇಟಾ ಅಲುಗದೆ ಜಾಗ ಎರಡರಷ್ಟಾಗುತ್ತದೆ. ಪ್ರತಿ ಎಚ್‌ಬಿಎಗೆ ಎ ಕಂಟ್ರೋಲರಿನ ಒಂದು ಪೋರ್ಟ್, ಬಿ ಕಂಟ್ರೋಲರಿನ ಒಂದು ಪೋರ್ಟ್. ಒಂದು ಫ್ಯಾಬ್ರಿಕ್ ಹೋದರೂ ಎರಡೂ ಕಂಟ್ರೋಲರ್ ಕಾಣುತ್ತಿರಬೇಕು, ಒಂದು ಕಂಟ್ರೋಲರ್ ಹೋದರೂ ಎರಡೂ ಫ್ಯಾಬ್ರಿಕ್ ಬದುಕಿರಬೇಕು. ನಾಲ್ಕರಲ್ಲಿ ಇದು ಆಗುತ್ತದೆ. ಅರೇಯ ಉಳಿದ ಪೋರ್ಟುಗಳು ವ್ಯರ್ಥವಾಗುತ್ತವೆ ಎಂದು ಕೊರಗುವವರು ಹೋಸ್ಟುಗಳನ್ನು ಎರಡು ಗುಂಪು ಮಾಡಿ ಅರ್ಧವನ್ನು ಆ ಪೋರ್ಟುಗಳಿಗೆ ಹಂಚಲಿ.

ಇದನ್ನು ಝೋನಿಂಗ್‌ನಲ್ಲೂ ಮಾಡಬಹುದು, ಅರೇಯ ಪೋರ್ಟ್ ಸೆಟ್‌ನಲ್ಲೂ ಮಾಡಬಹುದು. ಕಚೇರಿಯ ವಾಸ್ತವ ನೋಡಿ ಆರಿಸಿ. ಸ್ವಿಚ್ ಇನ್ನೊಂದು ತಂಡದ ಕೈಯಲ್ಲಿದ್ದು, ಬದಲಾವಣೆಗೆ ಎರಡು ವಾರದ ಅನುಮತಿ ಬೇಕಾದರೆ ಪೋರ್ಟ್ ಸೆಟ್ ಸುಲಭ. ಎರಡೂ ನಿಮ್ಮ ಕೈಯಲ್ಲೇ ಇದ್ದರೆ ಝೋನಿಂಗ್ ಉತ್ತಮ, ಆಮೇಲೆ ಬಂದವರಿಗೆ ನೋಡಿದ ಕೂಡಲೇ ಅರ್ಥವಾಗುತ್ತದೆ. ಅರ್ಧ ಅಲ್ಲಿ ಅರ್ಧ ಇಲ್ಲಿ ಮಾಡಬೇಡಿ. ಒಂದು ಫ್ಯಾಬ್ರಿಕ್ ಮುಗಿಸಿ, ಎಲ್ಲ ಹೋಸ್ಟುಗಳಲ್ಲೂ ಎಣಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ.

ಲನ್ ಕಡಿಮೆ ಮಾಡುವುದು ಎಂದರೆ ಸಣ್ಣ ಹತ್ತನ್ನು ದೊಡ್ಡ ಎರಡರಲ್ಲಿ ಸೇರಿಸುವುದು. 1.99 ಟಿಬಿಯ ಹಳೆಯ ಸಾಲು ಇರುವ ಕ್ಲಸ್ಟರ್‌ನಲ್ಲಿ ಇದು ಹೇಗೂ ಆಗಬೇಕಾದ ಕೆಲಸ, ಓಡುತ್ತಿರುವ ವಿಎಂನ ಡಿಸ್ಕನ್ನೇ ಸರಿಸುವ ಸ್ಟೋರೇಜ್ ವಿಮೋಷನ್ ಇದ್ದರೆ ಯಾರಿಗೂ ತಿಳಿಯದಂತೆ ಮುಗಿಯುತ್ತದೆ. ಆದರೆ ಎಲ್ಲವನ್ನೂ ಒಂದೇ 60 ಟಿಬಿ ಲನ್‌ಗೆ ತುಂಬಬೇಡಿ. ಲನ್ ಒಂದಕ್ಕೆ ಹೋಸ್ಟಿನಲ್ಲಿ ಒಂದು ಕ್ಯೂ. ಕಾರ್ಡು, ಡ್ರೈವರ್ ನೋಡಿಕೊಂಡು 30, 32, 64ರ ಆಸುಪಾಸು. ಹತ್ತು ಲನ್ ಇದ್ದಾಗ ಹತ್ತು ಕ್ಯೂ ಇದ್ದವು. ಒಂದು ಮಾಡಿದರೆ ಅಷ್ಟೂ ವಿಎಂಗಳು ಒಂದೇ ಕಿಟಕಿಯ ಮುಂದೆ ಸಾಲುಗಟ್ಟುತ್ತವೆ, ರೇಷನ್ ಅಂಗಡಿ ಥರ. ಸ್ನ್ಯಾಪ್‌ಶಾಟ್ ಮರಳಿಸಬೇಕಾದಾಗಲೂ ಒಂದು ವಿಎಂಗಾಗಿ 60 ಟಿಬಿಯನ್ನು ಹಿಂದಕ್ಕೆ ಎಳೆಯಲಾಗದು. ಡೇಟಾಸ್ಟೋರ್‌ಗೆ 8ರಿಂದ 16 ಟಿಬಿ ನನಗೆ ಹಿಡಿಸಿದ ಅಳತೆ. ಅದಕ್ಕೆ ಶಾಸ್ತ್ರವೇನೂ ಇಲ್ಲ, ಅಭ್ಯಾಸ.

ಡೇಟಾಬೇಸ್‌ನಲ್ಲಿ ಇನ್ನೂ ಸ್ಪಷ್ಟ. ಒರಾಕಲ್‌ನವರೇ ತಮ್ಮ ಡಿಸ್ಕ್ ನಿರ್ವಾಹಕ ಎಎಸ್‌ಎಂನ ಡಿಸ್ಕ್ ಗ್ರೂಪಿಗೆ ಕನಿಷ್ಠ ನಾಲ್ಕು ಸಮ ಗಾತ್ರದ ಲನ್ ಇರಲಿ ಎನ್ನುತ್ತಾರೆ. ನಾಲ್ಕು ಸಾಕು, ಎಂಟಾದರೂ ಸರಿ. 50 ಜಿಬಿಯ ಅರವತ್ತು ಲನ್ ಕೇಳುವ ಡಿಬಿಎ ಬಂದರೆ ಕೂರಿಸಿ ಮಾತಾಡಿ.

ಕ್ಲಸ್ಟರ್‌ನಲ್ಲಿ ಆರ್‌ಡಿಎಂ, ಅಂದರೆ ವಿಎಂಗೆ ನೇರವಾಗಿ ಕೊಡುವ ಲನ್, ಬಳಸುವವರು ಲೆಕ್ಕ ಬೇರೆ ಹಾಕಬೇಕು. ಎಸ್‌ಕ್ಯುಎಲ್ ಕ್ಲಸ್ಟರ್‌ಗೆ ಹತ್ತು ಆರ್‌ಡಿಎಂ ಕೊಟ್ಟರೆ ಅದರ ವಿಎಂಗಳು ಎರಡೇ ಹೋಸ್ಟಿನಲ್ಲಿ ಓಡುತ್ತಿದ್ದರೂ, ವಿಮೋಷನ್ (ಓಡುತ್ತಲೇ ಹೋಸ್ಟ್ ಬದಲಿಸುವುದು) ಆಗಬೇಕೆಂದರೆ ಎಲ್ಲ ಹೋಸ್ಟಿಗೂ ಆ ಹತ್ತನ್ನೂ ಮ್ಯಾಪ್ ಮಾಡಬೇಕು. ಲನ್‌ಗೆ ಎಂಟು ಪಾತ್ ಇದ್ದರೆ ಪ್ರತಿ ಹೋಸ್ಟಿನಲ್ಲೂ ಎಂಬತ್ತು ಪಾತ್ ಖರ್ಚು. ಅವುಗಳಿಗೆ ಪೆರೆನಿಯಲಿ ರಿಸರ್ವ್ಡ್ ಗುರುತು ಹಾಕದಿದ್ದರೆ ಹೋಸ್ಟ್ ಬೂಟ್ ಆಗುವಾಗ ಪ್ರತಿಯೊಂದರ ಬಾಗಿಲಲ್ಲೂ ಕಾದು ನಿಲ್ಲುತ್ತದೆ. ವಿಎಂಡಿಕೆಯಲ್ಲಿ (ಡೇಟಾಸ್ಟೋರಿನ ವರ್ಚುವಲ್ ಡಿಸ್ಕ್ ಫೈಲ್) ಕೆಲಸ ಆಗುವುದಾದರೆ ಅದೇ ಇರಲಿ. ಹಂಚಿಕೆಯ ಡಿಸ್ಕ್ ಬೇಕೇ ಬೇಕು, ಪಾತ್ ಉಳಿದಿಲ್ಲ ಎಂದಾದರೆ ವಿಎಂ ಒಳಗಿನಿಂದಲೇ ಐಸ್ಕಸಿ (ಐಪಿ ನೆಟ್‌ವರ್ಕಿನ ಮೇಲಿನ ಸ್ಕಸಿ) ಹಿಡಿಯಿರಿ. ಆ ಲನ್‌ಗಳು ಹೋಸ್ಟಿನ ಲೆಕ್ಕಕ್ಕೆ ಬರುವುದಿಲ್ಲ. ವಿಎಂಗೂ ತನ್ನ ಮಿತಿ ಇದೆ: ನಾಲ್ಕು ಸ್ಕಸಿ ಕಂಟ್ರೋಲರ್, ಒಂದಕ್ಕೆ 15ರಂತೆ 60 ಡಿಸ್ಕ್. 6.7ರಿಂದ ಪಿವಿ-ಸ್ಕಸಿಯಲ್ಲಿ ಒಂದಕ್ಕೆ 64.

ಇಷ್ಟೂ ಓಎಸ್‌ಗಳು ಒಂದೇ ಅರೇ ಹಂಚಿಕೊಂಡಿದ್ದರೆ ನನ್ನ ಪದ್ಧತಿ ಇದು. ಯಾವ ಹೋಸ್ಟಾದರೂ ನಂಬರ್ 1ರಿಂದ 254ರೊಳಗೆ. ಕ್ಲಸ್ಟರ್‌ನ ಎಲ್ಲ ಹೋಸ್ಟಿಗೂ ಒಂದು ಲನ್‌ಗೆ ಒಂದೇ ನಂಬರ್. ಲನ್‌ಗೆ ನಾಲ್ಕು ಪಾತ್. ಪಾತ್ ಮಿತಿಯ ಮುಕ್ಕಾಲು ಭಾಗ ಮುಟ್ಟಿದ ಹೋಸ್ಟಿಗೆ ಹೊಸ ಲನ್ ಇಲ್ಲ, ಇದ್ದದ್ದನ್ನು ದೊಡ್ಡದು ಮಾಡಿಕೊಳ್ಳಲಿ. ಮ್ಯಾಪ್ ಮಾಡಿದ ಮೇಲೆ "ಕಾಣಿಸ್ತಾ?" ಎಂದು ಕೇಳುವುದಿಲ್ಲ, "ಎಚ್‌ಬಿಎವಾರು ಎಷ್ಟು ಪಾತ್ ಬಂತು, ಬರೆದು ಕಳಿಸಿ" ಎನ್ನುತ್ತೇನೆ. ಆ ಅಂಕಿ ಬರುವವರೆಗೆ ಟಿಕೆಟ್ ಮುಚ್ಚುವುದಿಲ್ಲ.

ತೆಗೆಯುವಾಗಿನ ಅಪಾಯ ಒಂದು ಉಳಿಯಿತು. ನಂಬರ್ 255ರೊಳಗೇ ಇರಲಿ ಎಂದು ಪಟ್ಟು ಹಿಡಿದರೆ ಹಳೆಯ ನಂಬರ್‌ಗಳನ್ನು ಮತ್ತೆ ಬಳಸಬೇಕಾಗುತ್ತದೆ. ಲಿನಕ್ಸ್ ಹೋಸ್ಟಿನಿಂದ 17ನೇ ಲನ್ ಅನ್ನು ಅರೇಯಲ್ಲಿ ಕಿತ್ತು, ಹೋಸ್ಟಿನಲ್ಲಿ ಸಾಧನ ಅಳಿಸದೆ, ಅದೇ 17ಕ್ಕೆ ಬೇರೆ ಡಿಸ್ಕ್ ಕೊಟ್ಟರೆ, ಕರ್ನಲ್ ಬಳಿ ಉಳಿದಿರುವ ಹಳೆಯ ಎಸ್‌ಡಿ ಹೆಸರು ಈಗ ಹೊಸ ಡಿಸ್ಕನ್ನು ತೋರಿಸುತ್ತದೆ. ಈ ಟಾರ್ಗೆಟ್‌ನಲ್ಲಿ ಲನ್ ಹಂಚಿಕೆ ಬದಲಾಗಿದೆ, ಲಿನಕ್ಸ್ ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ ಎಂಬ ಎಚ್ಚರಿಕೆ ಲಾಗಿನಲ್ಲಿ ಬೀಳುತ್ತದೆ, ಅಷ್ಟೇ. ಹಾಗಾಗಿ ಕ್ರಮ ತಪ್ಪಿಸಬೇಡಿ: ಅನ್‌ಮೌಂಟ್, ವಾಲ್ಯೂಮ್ ಗ್ರೂಪಿನಿಂದ ಹೊರಕ್ಕೆ, ಮಲ್ಟಿಪಾತ್ ನಕ್ಷೆ ಫ್ಲಶ್, ನಾಲ್ಕೂ ಎಸ್‌ಡಿ ಸಾಧನ ಅಳಿಸು, ಕಡೆಗೆ ಅರೇಯಲ್ಲಿ ಮ್ಯಾಪಿಂಗ್ ತೆಗೆ. ಇಎಸ್‌ಎಕ್ಸ್‌ಐಯಲ್ಲಿ ಡೇಟಾಸ್ಟೋರ್ ಅನ್‌ಮೌಂಟ್, ಆಮೇಲೆ ಸಾಧನ ಡಿಟ್ಯಾಚ್, ಆಮೇಲೆ ಅರೇ. ಬಿಟ್ಟುಕೊಟ್ಟ ನಂಬರನ್ನು ನಾನು ಒಂದು ತಿಂಗಳು ಮುಟ್ಟುವುದಿಲ್ಲ. ಶೀಟಿನಲ್ಲಿ ಆ ಸಾಲಿಗೆ ಹಳದಿ ಬಣ್ಣ ಬಳಿದು, ತೆಗೆದ ತಾರೀಕು ಬರೆದಿಡುತ್ತೇನೆ.